ಅಪ್ಪೆಮಿಡಿ ಮರದ ದಾಖಲೆಗೂ ಗಿಟ್‌ನಲ್ಲಿರೋ ಫೈಲಿಗೂ ಕೊಂಡಿ ಹಾಕೋದು ಹೇಗೆ

ಶಿರಸಿ, ಸಿದ್ದಾಪುರ ಕಡೆ ಹೊಳೆ ಅಂಚಲ್ಲಿರೋ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕೋ ಪರಿಮಳದ ಮಾವಿನ ಮಿಡಿ) ಮರಗಳ ದಾಖಲೆ ಮಾಡ್ತೀವಿ ಅಂತ ಹೊರಟ್ರೆ ಮಾಹಿತಿ ಎರಡು ಥರ ಸಿಗತ್ತೆ. ಒಂದು ಚಿಕ್ಕ ಚಿಕ್ಕ ಖಾನೆಗೆ ಹಾಕೋಂಥದ್ದು: ಯಾವ ಊರು, ಯಾವ ಹೊಳೆ, ಅಕ್ಷಾಂಶ ರೇಖಾಂಶ ಎಷ್ಟು, ಮಿಡಿ ಉದ್ದವೋ ಗುಂಡೋ, ಯಾವ ತಿಂಗಳಿಗೆ ಕೊಯ್ಲಿಗೆ ಬರತ್ತೆ, ಕಸಿ ಕಟ್ಟಿದಾರಾ ಇಲ್ವಾ. ಇನ್ನೊಂದು ಉದ್ದಕ್ಕೆ ಬರೀಬೇಕಾದ್ದು: ಸೊನೆ ವಾಸನೆ ಜೀರಿಗೆ ಥರವೋ ಕರ್ಪೂರದ ಥರವೋ, ಉಪ್ಪಲ್ಲಿ ಹಾಕಿಟ್ರೆ ಎಷ್ಟು ಕಾಲ ಮೆತ್ತಗಾಗದೆ ಇರತ್ತೆ ಅಂತ ಮನೆ ಅಜ್ಜಿ ಹೇಳಿದ್ದು, ಆ ಮರಕ್ಕೆ ಆ ಹೆಸರು ಯಾಕೆ ಬಂತು ಅನ್ನೋ ಕಥೆ, ಮೊದ್ಲು ಯಾರ ಹತ್ರ ಇತ್ತು, ಎಲ್ಲೆಲ್ಲಿಗೆ ಕಸಿ ಕಡ್ಡಿ ಹೋಯ್ತು. ಹೋದ ವರ್ಷ ಬರೆದದ್ದನ್ನ ಈ ವರ್ಷ ಇನ್ನೊಬ್ರು ತಿದ್ತಾರೆ, ಮುಂದಿನ ವರ್ಷ ಮತ್ತೊಬ್ರು "ಇಲ್ಲ ಇಲ್ಲ, ಮೊದ್ಲಿದ್ದದ್ದೇ ಸರಿ" ಅಂತಾರೆ.

ಖಾನೆಗೆ ಹೋಗೋದು ಡೇಟಾಬೇಸಿಗೆ ಹೇಳಿ ಮಾಡ್ಸಿದ್ದು. ಅಘನಾಶಿನಿ ದಂಡೆಲಿ ಫೆಬ್ರವರಿಗೆ ಕೊಯ್ಲಿಗೆ ಬರೋ, ಇನ್ನೂ ಕಸಿ ಕಟ್ಟದ ಮರ ಯಾವ್ಯಾವ್ದು ಅಂತ ಕೇಳಿದ್ರೆ ಕಣ್ಮುಚ್ಚಿ ತೆಗೆಯೋದ್ರಲ್ಲಿ ಉತ್ತರ ಕೊಡತ್ತೆ. ಉದ್ದದ ಬರಹಕ್ಕೆ ಗಿಟ್ ಒಳ್ಳೇದು, ಯಾಕಂದ್ರೆ ಯಾವ ಸಾಲನ್ನ ಯಾರು ಯಾವತ್ತು ಬದಲಾಯಿಸಿದ್ರು, ಬದಲಾಯಿಸೋಕೆ ಮುಂಚೆ ಏನಿತ್ತು, ಎಲ್ಲಾ ಉಳಿಯತ್ತೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆ ಅಂತ ಬರೆದ ಸಾಧನ ಇದು, ಆದ್ರೆ ಘಟ್ಟದ ಮೇಲಿನ ಮನೆಯೊಳಗೆ ನೆಟ್‌ವರ್ಕ್ ಇಲ್ಲದಾಗ್ಲೂ ಪೂರ್ತಿ ಇತಿಹಾಸ ಲ್ಯಾಪ್‌ಟಾಪಲ್ಲೇ ಇರತ್ತೆ ಅನ್ನೋದು ನಮ್ಮಂಥ ಕಡೆ ಎಷ್ಟು ಉಪಕಾರ ಅಂತ ಬಳಸಿದವ್ರಿಗೇ ಗೊತ್ತು. ಅಲ್ಲೇ ಕೂತು ಬರೆದು ಕಮಿಟ್ ಮಾಡಿ (ಬದಲಾವಣೆಯನ್ನ ಇತಿಹಾಸಕ್ಕೆ ಸೇರಿಸಿ), ಪೇಟೆಗೆ ಬಂದ ಮೇಲೆ ಪುಶ್ ಮಾಡಿದ್ರಾಯ್ತು (ಸರ್ವರಿಗೆ ಕಳಿಸಿದ್ರಾಯ್ತು).

ಈಗ ಪ್ರಶ್ನೆ ಏನಪ್ಪಾ ಅಂದ್ರೆ, ಡೇಟಾಬೇಸಲ್ಲಿರೋ ಈ ಮರದ ರೆಕಾರ್ಡಿಗೆ ಗಿಟ್‌ನಲ್ಲಿರೋ ಆ ಫೈಲು ಸೇರಿದ್ದು ಅಂತ ಹೇಗೆ ಬರೆದಿಡೋದು? ಒಂದು ಖಾನೆ ಮಾಡಿ ಫೈಲಿನ ಹೆಸರು ಹಾಕಿದ್ರೆ ಮುಗೀತು ಅಂತ ಅನ್ಸತ್ತೆ, ಆದ್ರೆ ಎರಡು ವರ್ಷ ಕಳೆಯೋದ್ರೊಳಗೆ ಅರ್ಧ ಕೊಂಡಿ ಕಳಚಿಕೊಂಡಿರತ್ತೆ, ಉಳಿದರ್ಧ ಇದ್ರೂ ಏನನ್ನ ತೋರಿಸ್ತಿದೆ ಅಂತ ಯಾರಿಗೂ ಖಾತ್ರಿ ಇರಲ್ಲ.

ಮುಂದೆ ಹೋಗೋಕೆ ಮುಂಚೆ ಒಂದು ಮಾತು. ನಿಮ್ಮ ಹತ್ರ ನೂರಿನ್ನೂರು ಮರ ಇದ್ದು, ಬರೆಯೋರು ಒಬ್ರೋ ಇಬ್ರೋ ಆಗಿದ್ರೆ ಎರಡೂ ವ್ಯವಸ್ಥೆ ಇಟ್ಕೊಂಡು ಒದ್ದಾಡಬೇಡಿ. ಊರು, ಹೊಳೆ, ತಿಂಗಳು ಇವನ್ನೂ ಅದೇ ಟೆಕ್ಸ್ಟ್ ಫೈಲಿನ ತಲೆಗೆ ನಾಕು ಸಾಲಾಗಿ ಬರೆದು, ಬೇಕಾದಾಗ ಒಂದು ಸ್ಕ್ರಿಪ್ಟ್ ಓಡ್ಸಿ ಎಸ್‌ಕ್ಯೂಲೈಟ್ (ಒಂದೇ ಫೈಲಲ್ಲಿರೋ ಚಿಕ್ಕ ಡೇಟಾಬೇಸ್) ಫೈಲ್ ತಯಾರು ಮಾಡ್ಕೊಳ್ಳಿ, ಹುಡುಕಿ, ಬೇಡಾದ್ರೆ ಬಿಸಾಕಿ. ಆಗ ನಿಜವಾದ ದಾಖಲೆ ಒಂದೇ ಕಡೆ ಇರತ್ತೆ, ಕೊಂಡಿ ಅನ್ನೋ ಸಮಸ್ಯೆನೇ ಹುಟ್ಟಲ್ಲ. ಹಲವು ಜನ ಮೊಬೈಲಿಂದ ಖಾನೆ ತುಂಬ್ತಾರೆ, ಯಾರು ಏನು ನೋಡಬಹುದು ಅನ್ನೋದಕ್ಕೆ ಕಟ್ಟುಪಾಡು ಬೇಕು ಅಂದಾಗ ಮಾತ್ರ ಡೇಟಾಬೇಸ್ ಬೇರೆಯಾಗಿ ಇಡಬೇಕು, ಮತ್ತೆ ಕೆಳಗೆ ಹೇಳೋದೆಲ್ಲ ಬೇಕಾಗತ್ತೆ.

ಮೊದ್ಲು ಫೈಲಿನ ಪಾತ್ ವಿಷಯ. ಪಾತ್ ಅಂದ್ರೆ ಯಾವ ಫೋಲ್ಡರಲ್ಲಿ ಯಾವ ಹೆಸರಲ್ಲಿ ಇದೆ ಅನ್ನೋದು, ಮತ್ತೆ ಹೆಸರು ಅನ್ನೋದು ಅಪ್ಪೆಮಿಡಿ ಲೋಕದಲ್ಲಿ ಎಷ್ಟು ಜಾರತ್ತೆ ಅಂತ ನಮ್ಮ ಕಡೆಯೋರಿಗೆ ಹೇಳಬೇಕಾ. ಜೀರಿಗೆ ಅಪ್ಪೆ ಅಂತ ಊರಿಗೊಂದು ಮರ ಇದೆ, ಒಂದೇ ಮರಕ್ಕೆ ಹೊಳೆ ಈಚೆ ದಡದಲ್ಲಿ ಮನೆಯವ್ರ ಹೆಸರು, ಆಚೆ ದಡದಲ್ಲಿ ಜಾಗದ ಹೆಸರು. ಇವತ್ತು "ಜೀರಿಗೆ" ಅಂತ ಇಟ್ಟ ಫೈಲನ್ನ ನಾಳೆ ಯಾರೋ "ಜೀರಿಗೆ ದೊಡ್ಡದು" ಅಂತ ಮಾಡ್ತಾರೆ, ಇನ್ಯಾರೋ ತಾಲೂಕುವಾರು ಫೋಲ್ಡರ್ ಮಾಡಿ ಎಲ್ಲವನ್ನೂ ಎತ್ತಿಡ್ತಾರೆ. ಡೇಟಾಬೇಸಿಗೆ ಇದು ಗೊತ್ತೇ ಆಗಲ್ಲ. ಇನ್ನೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ: ಫೈಲಿನ ಹೆಸರು ಬದಲಾಯ್ತು ಅಂತ ಗಿಟ್ ಎಲ್ಲೂ ಬರೆದಿಡಲ್ಲ. ಹಳೇ ಹೆಸರು ಹೋಯ್ತು, ಹೊಸ ಹೆಸರು ಬಂತು, ಅಷ್ಟೇ ಅದರ ದಾಖಲೆ. ನೀವು ಇತಿಹಾಸ ಕೇಳಿದಾಗ ಎರಡರ ಒಳಗಿನ ಬರಹ ಹೋಲಿಸಿ, ಅರ್ಧಕ್ಕಿಂತ ಹೆಚ್ಚು ಒಂದೇ ಥರ ಇದ್ರೆ "ಇದು ಅದೇ ಇರಬೇಕು" ಅಂತ ಆ ಕ್ಷಣಕ್ಕೆ ಊಹೆ ಮಾಡತ್ತೆ. ಹೆಸರನ್ನೂ ಬದಲಾಯಿಸಿ ಒಳಗಿನದನ್ನೂ ಪೂರ್ತಿ ತಿದ್ದಿ ಒಂದೇ ಕಮಿಟ್ ಮಾಡಿದ್ರೆ ಆ ಊಹೆನೂ ಕೈಕೊಡತ್ತೆ. ಸಬ್‌ವರ್ಷನ್ (ಗಿಟ್ ಥರದ್ದೇ ಇನ್ನೊಂದು ಸಾಧನ) ಬಳಸೋರಿಗೆ ಈ ತೊಂದರೆ ಕಡಿಮೆ, ಅಲ್ಲಿ ಇದು ಇಂಥದ್ದರಿಂದ ನಕಲಾಗಿ ಬಂದದ್ದು ಅಂತ ದಾಖಲಾಗಿರತ್ತೆ, ಆದ್ರೂ ಡೇಟಾಬೇಸಿನ ಖಾನೆಯಲ್ಲಿ ಹಳೇ ಪಾತ್ ಹಾಗೇ ಕೂತಿರತ್ತೆ.

ಕನ್ನಡದಲ್ಲಿ ಫೈಲಿಗೆ ಹೆಸರಿಟ್ರೆ ಇನ್ನೊಂದು ತಾಪತ್ರಯ. ಗಿಟ್ ಸ್ಟೇಟಸ್ ಕೊಟ್ಟಾಗ ಕನ್ನಡದ ಹೆಸರು ಕಾಣದೆ \340\262\225 ಅಂತೆಲ್ಲ ಅಂಕಿ ಸಾಲು ಬರೋದನ್ನ ನೋಡಿರ್ತೀರಿ, ಆ ಮೂರು ಸೇರಿದ್ರೆ "ಕ" ಅಕ್ಷರ. ಕೋಟ್‌ಪಾತ್ ಅನ್ನೋ ಸೆಟ್ಟಿಂಗ್ ಆಫ್ ಮಾಡಿದ್ರೆ ಕನ್ನಡ ಸರಿಯಾಗಿ ಕಾಣತ್ತೆ, ಅದು ಬರೀ ತೋರಿಸೋ ರೀತಿಯ ವಿಷಯ. ನಿಜವಾದ ತೊಂದರೆ ಬೇರೆ ಇದೆ. "ಕೋ" ಅನ್ನೋದರ ಕೊನೇ ಚಿಹ್ನೆಯನ್ನ ಯುನಿಕೋಡಲ್ಲಿ ಒಂದೇ ಸಂಕೇತವಾಗಿನೂ ಬರೀಬಹುದು, ಮೂರು ಸಂಕೇತ ಒಂದರ ಹಿಂದೆ ಒಂದು ಇಟ್ಟೂ ಬರೀಬಹುದು, ಎರಡೂ ಪರದೆ ಮೇಲೆ ಒಂದೇ ಥರ ಕಾಣತ್ತೆ. ಹಳೇ ಮ್ಯಾಕ್ ಕಂಪ್ಯೂಟರುಗಳು ಫೈಲಿನ ಹೆಸರನ್ನ ಬಿಡಿಸಿ ಇಡ್ತಿದ್ವು, ವಿಂಡೋಸ್ ಮತ್ತೆ ಲಿನಕ್ಸ್ ಟೈಪ್ ಮಾಡಿದ ಹಾಗೇ ಇಡತ್ತೆ. ಡೇಟಾಬೇಸಲ್ಲಿ ಒಂದು ರೂಪ, ಗಿಟ್‌ನಲ್ಲಿ ಇನ್ನೊಂದು ರೂಪ ಇದ್ರೆ ಹುಡುಕಿದಾಗ "ಫೈಲ್ ಇಲ್ಲ" ಅಂತ ಬರತ್ತೆ, ನೀವು ಕಣ್ಣೆದುರೇ ಇದೆಯಲ್ಲ ಅಂತ ತಲೆ ಕೆರ್ಕೊಳ್ತಾ ಕೂರ್ತೀರಿ. ಕನ್ನಡದ ಹೆಸರು ಫೈಲಿನ ಒಳಗೆ ಇರ್ಲಿ, ಡೇಟಾಬೇಸಿನ ಹೆಸರಿನ ಖಾನೆಲೂ ಇರ್ಲಿ, ಹತ್ತು ಅಡ್ಡಹೆಸರಿದ್ರೆ ಹತ್ತೂ ಇರ್ಲಿ. ಫೈಲಿನ ಹೆಸರಲ್ಲಿ ಮಾತ್ರ ಬೇಡ ಅನ್ನೋದು ನನ್ನ ಅಭಿಪ್ರಾಯ, ಕನ್ನಡದ ಮೇಲೆ ಎಷ್ಟೇ ಪ್ರೀತಿ ಇದ್ರೂ.

ಹಾಗಾದ್ರೆ ಫೈಲಿಗೆ ಏನು ಹೆಸರಿಡೋದು? ಒಂದು ನಂಬರ್. ನಮ್ಮ ಜಮೀನಿನ ಪಹಣಿ ನೆನಪು ಮಾಡ್ಕೊಳ್ಳಿ, ಗದ್ದೆಗೆ ಮನೆಮಂದಿ ಒಂದೊಂದು ಹೆಸರು ಹೇಳ್ತಾರೆ, ಮಾಲೀಕ ಬದಲಾಗ್ತಾನೆ, ಬೆಳೆ ಬದಲಾಗತ್ತೆ, ಆದ್ರೆ ಕಾಗದಪತ್ರ ಎಲ್ಲಾ ನಿಂತಿರೋದು ಸರ್ವೆ ನಂಬರ್ ಮೇಲೆ. ಹಾಗೇ ಮರಕ್ಕೊಂದು ನಂಬರ್ ಕೊಟ್ಟು, ಅದನ್ನ ಮೂರು ಕಡೆ ಬರೀರಿ: ಡೇಟಾಬೇಸಿನ ರೆಕಾರ್ಡಲ್ಲಿ, ಫೈಲಿನ ಹೆಸರಲ್ಲಿ, ಮತ್ತೆ ಫೈಲಿನ ಒಳಗೆ ಮೊದಲ ಸಾಲಲ್ಲಿ. ಮೂರನೇದು ಬಹಳ ಮುಖ್ಯ. ಯಾರೇ ಫೈಲನ್ನ ಎಲ್ಲಿಗೇ ಎತ್ತಿಟ್ರೂ, ಏನೇ ಹೆಸರು ಕೊಟ್ರೂ, ಒಳಗಿನ ನಂಬರ್ ಓದಿ ಕೊಂಡಿಯನ್ನ ಮತ್ತೆ ಕಟ್ಟಬಹುದು, ಮತ್ತೆ ಒಂದು ಸ್ಕ್ರಿಪ್ಟ್ ಎಲ್ಲಾ ಫೈಲನ್ನೂ ತೆರೆದು ನೋಡಿ ಒಂದೇ ನಂಬರ್ ಎರಡು ಕಡೆ ಇದ್ರೆ ಕೂಡ್ಲೇ ಕೂಗತ್ತೆ.

ನಂಬರಿನೊಳಗೆ ಅರ್ಥ ತುರುಕೋಕೆ ಹೋಗಬೇಡಿ. ಮೊದಲೆರಡು ಅಕ್ಷರ ತಾಲೂಕು, ಆಮೇಲೆ ಹೊಳೆ, ಆಮೇಲೆ ಸಂಖ್ಯೆ ಅಂತ ಮಾಡಿದ್ರೆ ಚೆನ್ನಾಗಿ ಕಾಣತ್ತೆ ನಿಜ. ಆದ್ರೆ ದಾಂಡೇಲಿ ಮೊದ್ಲು ಹಳಿಯಾಳ ತಾಲೂಕಲ್ಲಿತ್ತು, ಈಗ ಅದೇ ಒಂದು ತಾಲೂಕು. ಇಡೀ ಉತ್ತರ ಕನ್ನಡ ಜಿಲ್ಲೆನೇ 1956ರಲ್ಲಿ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಗಡಿಗೆರೆ ಬದಲಾದಾಗ ನಿಮ್ಮ ನಂಬರ್ ಸುಳ್ಳು ಹೇಳೋಕೆ ಶುರು ಮಾಡತ್ತೆ, ಸರಿ ಮಾಡೋಕೆ ಹೋದ್ರೆ ಇದ್ದಬದ್ದ ಕೊಂಡಿ ಎಲ್ಲಾ ಕಳಚತ್ತೆ. ತಾಲೂಕಿಗೆ ಬೇರೆ ಖಾನೆ ಇಡಿ, ನಂಬರ್ ಬರೀ ನಂಬರಾಗಿರ್ಲಿ.

ಇಲ್ಲಿವರೆಗೆ ಹೇಳಿದ್ದು ಸುಲಭದ ಅರ್ಧ. ಇದರಿಂದ ಸಿಗೋದು "ಈ ಮರದ ಫೈಲು ಇದು, ಇವತ್ತು ಅದರಲ್ಲಿ ಏನಿದೆಯೋ ಅದು" ಅನ್ನೋ ಕೊಂಡಿ. ಓದೋರಿಗೆ ಪುಟ ತೋರಿಸೋಕೆ ಇಷ್ಟು ಸಾಕು. ಆದ್ರೆ ಡೇಟಾಬೇಸಲ್ಲಿ "ಪರಿಶೀಲನೆ ಆಗಿದೆ" ಅಂತ ಒಂದು ಟಿಕ್ ಇರತ್ತಲ್ಲ, ಅದರ ಕಥೆ ಬೇರೆ. ತಿಳಿದವ್ರೊಬ್ರು ಮರದ ಹತ್ರ ಹೋಗಿ, ಮಿಡಿ ಮುರಿದು ಸೊನೆ ಮೂಸಿ, ಬರಹ ಓದಿ "ಸರಿ ಇದೆ" ಅಂದ್ರು, ನೀವು ಟಿಕ್ ಹಾಕಿದ್ರಿ. ಮಾರನೇ ವಾರ ಇನ್ಯಾರೋ ಫೈಲು ತೆಗೆದು ಕರ್ಪೂರದ ವಾಸನೆ ಅಂತ ಇದ್ದದ್ದನ್ನ ಜೀರಿಗೆ ವಾಸನೆ ಅಂತ ಮಾಡಿದ್ರು. ಟಿಕ್ ಹಾಗೇ ಇದೆ. ಈಗ ಆ ತಿಳಿದವ್ರ ಹೆಸರಲ್ಲಿ, ಅವ್ರು ಯಾವತ್ತೂ ಹೇಳದ ಮಾತು ನಿಂತುಬಿಡ್ತು. ಒಬ್ರ ಮಾತಿಗೆ ಬೆಲೆ ಕೊಟ್ಟು ದಾಖಲೆ ಮಾಡೋರು ಇದನ್ನ ಸಣ್ಣ ವಿಷಯ ಅಂತ ಬಿಡೋ ಹಾಗೇ ಇಲ್ಲ. ಟಿಕ್ ಅನ್ನೋದು ಫೈಲಿಗೆ ಸೇರಿದ್ದಲ್ಲ, ಆ ದಿನ ಆ ಫೈಲಲ್ಲಿ ಇದ್ದ ಅಕ್ಷರಗಳಿಗೆ ಸೇರಿದ್ದು, ಅದನ್ನೇ ಡೇಟಾಬೇಸಲ್ಲಿ ಬರೆದಿಡಬೇಕು.

ಇದಕ್ಕೆ ಗಿಟ್ ಒಳಗಡೆ ಹೇಗೆ ಇಡತ್ತೆ ಅಂತ ಸ್ವಲ್ಪ ತಿಳ್ಕೋಬೇಕು. ಫೈಲಿನ ಒಳಗಿನ ಬರಹವನ್ನ ಗಿಟ್ ಬ್ಲಾಬ್ ಅಂತ ಇಡತ್ತೆ. "ಬ್ಲಾಬ್" ಅನ್ನೋ ಪದ, ಒಂದು ಸ್ಪೇಸ್, ಬರಹದ ಬೈಟ್ ಲೆಕ್ಕ, ಒಂದು ಸೊನ್ನೆ ಬೈಟು, ಆಮೇಲೆ ಪೂರ್ತಿ ಬರಹ, ಇಷ್ಟನ್ನೂ ಸೇರಿಸಿ ಶಾ-1 ಅನ್ನೋ ಲೆಕ್ಕಾಚಾರಕ್ಕೆ ಕೊಟ್ರೆ 40 ಅಕ್ಷರದ ಒಂದು ಹ್ಯಾಶ್ ಬರತ್ತೆ, ಅದೇ ಬ್ಲಾಬಿನ ಐಡಿ. ಒಂದು ಅಲ್ಪವಿರಾಮ ಬದಲಾದ್ರೂ ಐಡಿ ಪೂರ್ತಿ ಬೇರೆ. ಫೈಲಿನ ಹೆಸರು ಇದ್ರೊಳಗೆ ಇಲ್ಲ, ಹೆಸರುಗಳು ಇರೋದು ಫೋಲ್ಡರಿನ ಪಟ್ಟಿಯಲ್ಲಿ. ಕಮಿಟ್ ಅಂದ್ರೆ ಇಡೀ ರಿಪೋದ (ಗಿಟ್ ನೋಡ್ಕೊಳ್ಳೋ ಫೋಲ್ಡರಿನ) ಆ ಕ್ಷಣದ ಪಟ್ಟಿ, ಹಿಂದಿನ ಕಮಿಟ್ ಯಾವ್ದು, ಯಾರು, ಯಾವಾಗ, ಯಾಕೆ ಅನ್ನೋದೆಲ್ಲ ಸೇರಿದ್ದು, ಅದಕ್ಕೂ ಅಂಥದ್ದೇ ಒಂದು ಐಡಿ. ಅಂದ್ರೆ ಬ್ಲಾಬ್ ಐಡಿ "ಏನು ಬರೆದಿತ್ತು" ಅಂತ ಹೇಳತ್ತೆ, ಕಮಿಟ್ ಐಡಿ "ಯಾವ ಸಂದರ್ಭದಲ್ಲಿ" ಅಂತ ಹೇಳತ್ತೆ. ಪರಿಶೀಲನೆ ದಾಖಲೆಗೆ ಎರಡೂ ಇಡಿ, ಜೊತೆಗೆ ಆಗಿನ ಪಾತ್ ಕೂಡ.

ಹೀಗೆ ಇಟ್ರೆ ಸಿಗೋ ಲಾಭ ನೋಡಿ. ಇವತ್ತು ಮೇನ್ ಬ್ರಾಂಚಲ್ಲಿ (ಎಲ್ರ ಕೆಲಸ ಸೇರೋ ಮುಖ್ಯ ಕವಲಲ್ಲಿ) ಆ ಮರದ ಫೈಲಿನ ಬ್ಲಾಬ್ ಐಡಿ ಏನು ಅಂತ ರೆವ್-ಪಾರ್ಸ್ ಕಮಾಂಡಲ್ಲಿ ಕೇಳಿ, ಡೇಟಾಬೇಸಲ್ಲಿರೋದ್ರ ಜೊತೆ ಹೋಲಿಸಿ. ಒಂದೇ ಇದ್ರೆ ಟಿಕ್ ಇವತ್ತಿಗೂ ನಿಜ. ಬೇರೆ ಇದ್ರೆ ಪುಟದ ಮೇಲೆ "ಪರಿಶೀಲನೆ ಆದ್ಮೇಲೆ ಬದಲಾಗಿದೆ" ಅಂತ ತಾನಾಗೇ ಬರೋ ಹಾಗೆ ಮಾಡಬಹುದು, ಹಳೇ ಬ್ಲಾಬ್ ಐಡಿ ಕೊಟ್ಟು ಕ್ಯಾಟ್-ಫೈಲ್ ಅಂದ್ರೆ ಅವತ್ತು ಅವ್ರು ಓದಿದ ಪಠ್ಯ ಅಕ್ಷರಶಃ ಎದುರಿಗೆ ಬರತ್ತೆ, ಎರಡನ್ನೂ ಅಕ್ಕಪಕ್ಕ ಇಟ್ಟು ಯಾವ ಸಾಲು ಬದಲಾಗಿದೆ ಅಂತ ಅವ್ರಿಗೇ ತೋರಿಸಬಹುದು. ಫೈಲನ್ನ ಬರೀ ಬೇರೆ ಫೋಲ್ಡರಿಗೆ ಎತ್ತಿಟ್ಟಿದ್ರೆ ಬ್ಲಾಬ್ ಐಡಿ ಬದಲಾಗಿರಲ್ಲ, ಹಾಗಾಗಿ ಸುಮ್ಸುಮ್ನೆ ಗಾಬರಿ ಇಲ್ಲ.

ಬರೀ ಕಮಿಟ್ ಐಡಿ ಒಂದನ್ನೇ ನಂಬಿದ್ರೆ ಏನಾಗತ್ತೆ? ಕಮಿಟ್ ಐಡಿ ಹೊರಗೆ ನೋಡಿದಷ್ಟು ಗಟ್ಟಿ ಅಲ್ಲ. ಯಾರೋ ರಿಬೇಸ್ ಮಾಡಿದ್ರು (ಕಮಿಟ್‌ಗಳನ್ನ ಬೇರೆ ಕಮಿಟಿನ ಮೇಲೆ ಮತ್ತೆ ಕಟ್ಟಿದ್ರು), ಅಮೆಂಡ್ ಮಾಡಿದ್ರು (ಕೊನೇ ಕಮಿಟನ್ನೇ ತಿದ್ದಿದ್ರು), ಐದು ಕಮಿಟ್ ಹಿಂಡಿ ಒಂದು ಮಾಡಿ ಮರ್ಜ್ ಮಾಡಿದ್ರು ಅಂದ್ಕೊಳ್ಳಿ, ಬರಹ ಅದೇ ಇದ್ರೂ ಕಮಿಟ್ ಐಡಿ ಹೊಸದು. ಯಾವ ಬ್ರಾಂಚಿಂದ್ಲೂ ಟ್ಯಾಗಿಂದ್ಲೂ ಮುಟ್ಟೋಕಾಗದ ಹಳೇ ಕಮಿಟ್ ಸ್ವಲ್ಪ ದಿನ ಇರತ್ತೆ, ಆಮೇಲೆ ಗಿಟ್ ತನ್ನ ಗುಡಿಸೋ ಕೆಲಸ ಮಾಡುವಾಗ ಅಳಿಸಿಬಿಡತ್ತೆ. ಅದಕ್ಕೇ ನಿಯಮ ಹೀಗಿರ್ಲಿ: ಡೇಟಾಬೇಸಿಗೆ ಹೋಗೋ ಕಮಿಟ್ ಐಡಿ ಮೇನ್ ಬ್ರಾಂಚಿಗೆ ಸೇರಿದ್ದು ಮಾತ್ರ, ಮತ್ತೆ ಮೇನ್ ಬ್ರಾಂಚಿಗೆ ಫೋರ್ಸ್ ಪುಶ್ (ಸರ್ವರಲ್ಲಿರೋ ಇತಿಹಾಸದ ಜಾಗಕ್ಕೆ ಬಲವಂತವಾಗಿ ಬೇರೆ ಇತಿಹಾಸ ಹಾಕೋದು) ಮಾಡೋ ಅವಕಾಶ ಯಾರಿಗೂ ಇರಬಾರ್ದು. ಅಷ್ಟಾಗಿಯೂ ಕಮಿಟ್ ಕಾಣೆಯಾದ್ರೆ ಬ್ಲಾಬ್ ಐಡಿ ಕಾಪಾಡತ್ತೆ, ಗಿಟ್ ಲಾಗಿಗೆ ಫೈಂಡ್-ಆಬ್ಜೆಕ್ಟ್ ಅನ್ನೋ ಆಯ್ಕೆ ಕೊಟ್ಟು ಈ ಬ್ಲಾಬ್ ಯಾವ ಕಮಿಟಲ್ಲಿ ಬಂತು ಅಂತ ಹುಡುಕಿಸಬಹುದು. ಸಬ್‌ವರ್ಷನಲ್ಲಾದ್ರೆ ಇಡೀ ರಿಪೋಗೆ ಒಂದು, ಎರಡು, ಮೂರು ಅಂತ ಏರ್ತಾ ಹೋಗೋ ರಿವಿಷನ್ ನಂಬರ್ ಇದೆ, ಪಾತ್ ಜೊತೆ ಆ ನಂಬರ್ ಇಟ್ರೆ ಸಾಕು.

ಕಮಿಟ್ ಐಡಿಯನ್ನ ಅದೇ ಫೈಲಿನ ಒಳಗೆ ಬರೆದಿಡೋಣ, ಡೇಟಾಬೇಸ್ ಯಾಕೆ ಅಂತ ಕೆಲವ್ರು ಕೇಳ್ತಾರೆ. ಆಗಲ್ಲ. ಒಳಗೆ ಬರೆದ ಕೂಡ್ಲೇ ಬರಹ ಬದಲಾಗತ್ತೆ, ಬರಹ ಬದಲಾದ್ರೆ ಐಡಿ ಬದಲಾಗತ್ತೆ.

ಐಡಿಯನ್ನ ಚಿಕ್ಕದು ಮಾಡಿ ಏಳು ಅಕ್ಷರ ಇಡೋ ಅಭ್ಯಾಸವೂ ಬೇಡ, ಪರದೆ ಮೇಲೆ ತೋರಿಸೋಕೆ ಅದು ಸರಿ, ದಾಖಲೆಗೆ ಪೂರ್ತಿ 40 ಬೇಕು. ಖಾನೆಯನ್ನ ಸ್ವಲ್ಪ ಉದ್ದಕ್ಕೇ ಇಡಿ, ಯಾಕಂದ್ರೆ 2017ರಲ್ಲಿ ಗೂಗಲ್ ಮತ್ತೆ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಸೇರಿ ಎರಡು ಬೇರೆ ಫೈಲಿಗೆ ಒಂದೇ ಶಾ-1 ಬರೋದನ್ನ ಮಾಡಿ ತೋರಿಸಿದ್ರು, ಗಿಟ್ ಈಗ ಶಾ-256 ರಿಪೋಗಳನ್ನೂ ಮಾಡಕ್ಕೆ ಬಿಡತ್ತೆ, ಅದರ ಐಡಿ 64 ಅಕ್ಷರ. ನಮ್ಮ ಮಾವಿನ ಮರಕ್ಕೆ ಯಾರೂ ಅಂಥ ಮೋಸ ಮಾಡೋಕೆ ಬರಲ್ಲ, ಆದ್ರೂ ಜಾಗ ಬಿಟ್ಟಿರೋದ್ರಲ್ಲಿ ನಷ್ಟ ಏನಿಲ್ಲ.

ಹ್ಯಾಶ್ ಹೋಲಿಸುವಾಗ ಎಡವೋದು ಎಲ್ಲಿ ಅಂದ್ರೆ ಕಾಣದ ಅಕ್ಷರಗಳಲ್ಲಿ. ವಿಂಡೋಸಲ್ಲಿ ಸಾಲಿನ ಕೊನೆಗೆ ಎರಡು ಚಿಹ್ನೆ, ಲಿನಕ್ಸಲ್ಲಿ ಒಂದು. ಗಿಟ್ ಸೆಟ್ಟಿಂಗ್ ಪ್ರಕಾರ ಒಳಗಿಡುವಾಗ ಅದನ್ನ ಒಂದೇ ಥರ ಮಾಡ್ಕೊಳ್ಳತ್ತೆ, ಆದ್ರೆ ನೀವೇ ಬೇರೆ ಪ್ರೋಗ್ರಾಮಲ್ಲಿ ಡಿಸ್ಕ್ ಮೇಲಿನ ಫೈಲ್ ಓದಿ ಹ್ಯಾಶ್ ಮಾಡಿದ್ರೆ ತಾಳೆಯಾಗಲ್ಲ. ಯಾವಾಗ್ಲೂ ಗಿಟ್‌ನ ಬಾಯಿಂದಾನೇ ಐಡಿ ಕೇಳಿ. ಕನ್ನಡಕ್ಕೆ ವಿಶೇಷವಾಗಿ ಇನ್ನೊಂದಿದೆ, "ಲ್ಯಾಪ್‌ಟಾಪ್" ಅಂತ ಬರೆಯುವಾಗ ಪ್ ಕೆಳಗೆ ಟ ಒತ್ತಾಗದ ಹಾಗೆ ತಡೆಯೋಕೆ ಕಾಣದ ಒಂದು ಅಕ್ಷರ ಮಧ್ಯೆ ಕೂತಿರತ್ತೆ. ಒಂದು ಕೀಬೋರ್ಡ್ ಆಪ್ ಅದನ್ನ ಹಾಕತ್ತೆ, ಇನ್ನೊಂದು ಹಾಕಲ್ಲ, ಕೆಲವು ಎಡಿಟರುಗಳು ಸೇವ್ ಮಾಡುವಾಗ ಕಿತ್ತೆಸೆಯತ್ತೆ. ಹಾಗಾಗಿ "ಬದಲಾಗಿದೆ" ಅಂತ ಬಂದಾಗ ಡಿಫ್ (ಏನೇನು ಬದಲಾಯ್ತು ಅನ್ನೋ ಹೋಲಿಕೆ) ನೋಡದೆ ಯಾರ ಮೇಲೂ ರೇಗಬೇಡಿ.

ಡೇಟಾಬೇಸಿನ ರಚನೆ ವಿಷಯಕ್ಕೆ ಬರೋಣ. ಮರದ ಟೇಬಲಲ್ಲೇ ಕಮಿಟ್ ಅಂತ ಒಂದು ಖಾನೆ ಸೇರಿಸಿ ಬಿಡೋದು ಸುಲಭ, ಆದ್ರೆ ಎರಡನೇ ಸಲ ಪರಿಶೀಲನೆ ಆದಾಗ ಮೊದಲನೇದು ಅಳಿದು ಹೋಗತ್ತೆ. ಕೊಂಡಿಗಳಿಗೇ ಬೇರೆ ಟೇಬಲ್ ಮಾಡಿ: ಮರದ ನಂಬರ್, ಪಾತ್, ಕಮಿಟ್, ಬ್ಲಾಬ್, ಯಾವ ಥರದ ಕೊಂಡಿ, ಯಾರು, ಯಾವತ್ತು. ಥರ ಅಂದ್ರೆ ಪರಿಶೀಲನೆ, ಅಚ್ಚಿಗೆ ಕೊಟ್ಟದ್ದು, ಫೋಟೋ ಹೀಗೆ. ಆ ಟೇಬಲಿಗೆ ಹೊಸ ಸಾಲು ಸೇರಿಸೋದು ಮಾತ್ರ, ಹಳೇದು ತಿದ್ದೋದಿಲ್ಲ. ನಾಳೆ ಪುಸ್ತಕ ಅಚ್ಚಾದಾಗ ಅದರಲ್ಲಿ ಹೋದ ಪಠ್ಯ ಯಾವ್ದು ಅಂತ ಕೇಳಿದ್ರೂ ಇಲ್ಲೇ ಉತ್ತರ ಇರತ್ತೆ.

ಬರೆಯೋ ಕ್ರಮವೂ ಮುಖ್ಯ. ಡೇಟಾಬೇಸೊಳಗೆ ಎರಡು ಕೆಲಸ ಇದ್ರೆ "ಎರಡೂ ಆಗ್ಲಿ, ಇಲ್ಲಾ ಎರಡೂ ಬೇಡ" ಅಂತ ಟ್ರಾನ್ಸಾಕ್ಷನ್ ಮಾಡಬಹುದು, ಆದ್ರೆ ಗಿಟ್ ಅದರೊಳಗೆ ಸೇರಲ್ಲ. ಹಾಗಾಗಿ ಮೊದ್ಲು ಫೈಲ್ ಕಮಿಟ್ ಮಾಡಿ, ಪುಶ್ ಮಾಡಿ, ಸರ್ವರ್ ತಗೊಂಡಿದೆ ಅಂತ ಖಾತ್ರಿಯಾದ ಮೇಲೇ ಕೊಂಡಿಯ ಸಾಲು ಸೇರಿಸಿ. ಮಧ್ಯದಲ್ಲಿ ಕರೆಂಟ್ ಹೋದ್ರೆ, ಮಳೆಗಾಲದಲ್ಲಿ ನಮ್ಮಲ್ಲಿ ಹೋಗೇ ಹೋಗತ್ತೆ, ಕೊಂಡಿ ಇಲ್ಲದ ಒಂದು ಕಮಿಟ್ ಉಳಿಯತ್ತೆ ಅಷ್ಟೇ, ಅದರಿಂದ ಯಾರಿಗೂ ಕೇಡಿಲ್ಲ. ಉಲ್ಟಾ ಮಾಡಿದ್ರೆ ಇಲ್ಲದ ಪಠ್ಯವನ್ನ ತೋರಿಸೋ ರೆಕಾರ್ಡ್ ಉಳಿಯತ್ತೆ. ಈ ಕೆಲಸವನ್ನ, ಪುಶ್ ಬಂದ ಮೇಲೆ ತಾನಾಗೇ ಓಡೋ ಸರ್ವರಿನ ಪೋಸ್ಟ್-ರಿಸೀವ್ ಹುಕ್‌ಗೆ ವಹಿಸೋದು ಒಳ್ಳೇದು, ಲ್ಯಾಪ್‌ಟಾಪಿನ ಪ್ರೀ-ಕಮಿಟ್ ಹುಕ್ (ಕಮಿಟ್ ಆಗೋಕೆ ಮುಂಚೆ ಓಡೋದು) ಮೇಲೆ ಭಾರ ಹಾಕಬೇಡಿ, ಅದು ರಿಪೋವನ್ನ ಕ್ಲೋನ್ (ನಕಲು) ಮಾಡಿದಾಗ ಜೊತೆಗೆ ಬರಲ್ಲ, ಬೇಡ ಅಂದೋರು ದಾಟಿಕೊಂಡೂ ಹೋಗಬಹುದು. ರಾತ್ರಿ ಒಂದು ಸ್ಕ್ರಿಪ್ಟ್ ಎಲ್ಲಾ ಕೊಂಡಿ ತಡವಿ ನೋಡ್ಲಿ, ಆದ್ರೆ ಅದು ಓಡೋದು ಪೂರ್ತಿ ಕ್ಲೋನ್ ಮೇಲೆ ಇರಬೇಕು, ಡೆಪ್ತ್ 1 (ಕೊನೇ ಕಮಿಟ್ ಮಾತ್ರ ಸಾಕು) ಅಂತ ಕೊಟ್ಟು ತಂದ ಕ್ಲೋನಲ್ಲಿ ಹಳೇ ಕಮಿಟ್ ಇರೋದೇ ಇಲ್ಲ.

ಫೋಟೋಗಳಿಗೆ ಗಿಟ್ ಎಲ್‌ಎಫ್‌ಎಸ್ (ದೊಡ್ಡ ಫೈಲುಗಳಿಗೆ ಅಂತ ಇರೋ ಸೇರ್ಪಡೆ) ಬಳಸ್ತೀರಿ ಅಂದ್ರೆ, ಗಿಟ್ ಒಳಗೆ ಇರೋದು ಮೂರು ಸಾಲಿನ ಚೀಟಿ ಮಾತ್ರ, ಅದರಲ್ಲಿ ಫೋಟೋದ ಶಾ-256 ಮತ್ತೆ ಸೈಜು ಇರತ್ತೆ, ನಿಜವಾದ ಫೋಟೋ ಬೇರೆ ಜಾಗದಲ್ಲಿ. ಕೊಂಡಿ ಟೇಬಲಿಗೆ ಆ ಶಾ-256ನ್ನೂ ಸೇರಿಸಿದ್ರೆ ಒಳ್ಳೇದು.

ಮರ ಹೋದ್ರೆ? ಹೊಳೆ ಅಂಚಿನ ಮರ, ದಂಡೆ ಕುಸಿದು ಉರುಳತ್ತೆ, ಕಡಿಯೋರೂ ಇದಾರೆ. ಆಗ ರೆಕಾರ್ಡನ್ನೂ ಅಳಿಸ್ಬೇಡಿ, ಫೈಲನ್ನೂ ತೆಗೀಬೇಡಿ, "ಈಗ ಇಲ್ಲ" ಅಂತ ಸ್ಥಿತಿಯ ಖಾನೆಲಿ ಬರೀರಿ. ಅದರ ಕಸಿ ಎಲ್ಲಾದ್ರೂ ಬದುಕಿದ್ರೆ ಆ ಹೊಸ ಗಿಡಕ್ಕೆ ಹೊಸ ನಂಬರ್ ಕೊಟ್ಟು, ತಾಯಿಮರದ ನಂಬರನ್ನ ಒಂದು ಖಾನೆಯಲ್ಲಿ ಹಾಕಿ.

ಯಾವುದನ್ನ ಗಿಟ್‌ಗೆ ಹಾಕಲೇಬಾರದು ಅನ್ನೋದನ್ನೂ ಹೇಳ್ಬೇಕು. ಮನೆಯವ್ರ ಫೋನ್ ನಂಬರ್, ಮರದ ಕರಾರುವಾಕ್ ಜಾಗ ಇವು ಡೇಟಾಬೇಸಲ್ಲೇ ಇರ್ಲಿ. ಒಳ್ಳೇ ಅಪ್ಪೆ ಎಲ್ಲಿದೆ ಅಂತ ಗೊತ್ತಾದ್ರೆ ಕೊಂಬೆ ಸಮೇತ ಮುರ್ಕೊಂಡು ಹೋಗೋರಿದಾರೆ. ಗಿಟ್‌ಗೆ ಒಮ್ಮೆ ಹೋದದ್ದನ್ನ ಮುಂದಿನ ಕಮಿಟಲ್ಲಿ ಅಳಿಸಿದ್ರೂ ಇತಿಹಾಸದಲ್ಲಿ ಇದ್ದೇ ಇರತ್ತೆ, ಪೂರ್ತಿ ತೆಗೀಬೇಕು ಅಂದ್ರೆ ಇತಿಹಾಸವನ್ನೇ ಹೊಸದಾಗಿ ಬರೀಬೇಕು, ಹಾಗೆ ಬರೆದ್ರೆ ಆಮೇಲಿನ ಕಮಿಟ್ ಐಡಿ ಎಲ್ಲಾ ಬದಲಾಗಿ ನೀವು ಇಷ್ಟು ಹೊತ್ತು ಕಟ್ಟಿದ ಕೊಂಡಿಗಳಲ್ಲಿ ಆ ಕಮಿಟ್ ಐಡಿಗಳನ್ನ ನಂಬಿದ್ದೆಲ್ಲ ಒಂದೇ ಸಲ ಮುರಿಯತ್ತೆ.

ಇನ್ನು ಬ್ಯಾಕಪ್. ಕೊಂಡಿ ಹೋಗೋದು ಡೇಟಾಬೇಸಿಂದ ಗಿಟ್ ಕಡೆಗೆ, ಹಾಗಾಗಿ ಮೊದ್ಲು ಡೇಟಾಬೇಸಿನ ಡಂಪ್ (ಪೂರ್ತಿ ನಕಲು) ತಗೊಳ್ಳಿ, ಅದು ಮುಗಿದ ಮೇಲೆ ಗಿಟ್‌ನ ಮಿರರ್ ಕ್ಲೋನ್ (ಎಲ್ಲಾ ಬ್ರಾಂಚು, ಟ್ಯಾಗು ಸೇರಿದ ನಕಲು), ಕೊನೆಗೆ ಎಲ್‌ಎಫ್‌ಎಸ್ ಫೋಟೋಗಳು. ಈ ಕ್ರಮದಲ್ಲಿ ತಗೊಂಡ್ರೆ ಡಂಪಿನಲ್ಲಿರೋ ಪ್ರತಿ ಕಮಿಟ್ ಐಡಿಯೂ ಕ್ಲೋನಲ್ಲಿ ಇದ್ದೇ ಇರತ್ತೆ, ಮಧ್ಯೆ ಯಾರಾದ್ರೂ ಹೊಸದು ಪುಶ್ ಮಾಡಿದ್ರೂ ಹೆಚ್ಚುವರಿ ಕಮಿಟ್ ಸಿಗತ್ತೆ ಹೊರತು ಕೊರತೆ ಬೀಳಲ್ಲ.